‘ಅರ್ಧ ದಿನದ ಕೆಲಸ ಸರ್’

ಮೀಟಿಂಗ್‌ನಲ್ಲಿ ಯಾರಾದರೂ ‘ಅದು ಈಸಿ’ ಅಂದರೆ ನನಗೆ ಎಸ್ಸೆಮ್ಮೆಸ್ ಬಿಲ್ ನೆನಪಾಗುತ್ತದೆ.

ಬೆಳ್ಳಂದೂರಿನ ನಮ್ಮ ಆಫೀಸಿನಲ್ಲಿ ಸಾಲದ ಕಂತು ನೆನಪಿಸುವ ಮೆಸೇಜನ್ನು ಕನ್ನಡದಲ್ಲೂ ಕಳಿಸೋಣ ಅಂತ ತೀರ್ಮಾನವಾಯಿತು. ಎಷ್ಟು ದಿನ ಬೇಕು ಎಂದು ಮ್ಯಾನೇಜರ್ ಕೇಳಿದ್ದೇ ತಡ, ತಂಡದ ಚುರುಕು ಹುಡುಗ, “ಯೂನಿಕೋಡ್ ತಾನೇ ಸರ್, ಅರ್ಧ ದಿನ ಸಾಕು” ಅಂದ. ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಇರುವ ಸಂಕೇತ ವ್ಯವಸ್ಥೆ. ಟೆಸ್ಟಿಂಗ್‌ನ ಮೇಡಂ, “ಉದ್ದ ಒಂದ್ಸಲ ನೋಡ್ಬೇಕಲ್ವಾ?” ಎಂದರು. “160ರ ಒಳಗೇ ಇದೆ ಮೇಡಂ.” ಅಲ್ಲಿಗೆ ಮಾತು ಮುಗಿಯಿತು.

160 ಅನ್ನೋದು ಇಂಗ್ಲಿಷಿನ ಲೆಕ್ಕ. ಒಂದು ಎಸ್ಸೆಮ್ಮೆಸ್‌ನಲ್ಲಿ ಸಿಗುವ ಜಾಗ 140 ಬೈಟ್, ಅಂದರೆ 1120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಹಿಡಿಯುತ್ತವೆ. ಕನ್ನಡಕ್ಕೆ ಸಾಮಾನ್ಯವಾಗಿ 16 ಬಿಟ್ ಬೇಕು. 70ಕ್ಕೇ ಜಾಗ ಖಾಲಿ. ಅದನ್ನು ದಾಟಿದರೆ ಮೆಸೇಜು ತುಂಡಾಗುತ್ತದೆ. ತುಂಡುಗಳನ್ನು ಜೋಡಿಸುವ ಮಾಹಿತಿಗೂ ಜಾಗ ಹೋಗುವುದರಿಂದ ಒಂದೊಂದರಲ್ಲಿ 67 ಮಾತ್ರ. ಪ್ರತಿ ತುಂಡಿಗೂ ದುಡ್ಡು. ಸಾಲದ್ದಕ್ಕೆ ನಮ್ಮ ಕಣ್ಣಿನ ಎಣಿಕೆ ಬೇರೆ, ಕಂಪ್ಯೂಟರಿನದು ಬೇರೆ. ‘ನಮಸ್ಕಾರ’ ನಮಗೆ ನಾಲ್ಕು ಅಕ್ಷರ, ಅದಕ್ಕೆ ಏಳು. ‘ಸ್ಕಾ’ ಒಂದರಲ್ಲೇ ಸ, ಹಲಂತ, ಕ, ದೀರ್ಘ ಅಂತ ನಾಲ್ಕು ಎಣಿಸಿಕೊಳ್ಳುತ್ತದೆ. 150 ಮುಟ್ಟಿದ್ದ ನಮ್ಮ ಮೆಸೇಜು ಮೂರು ತುಂಡಾಗಿ ಹೋಗುತ್ತಿತ್ತು. ಮೊಬೈಲಿನಲ್ಲಿ ಮತ್ತೆ ಸೇರಿಕೊಂಡು ಒಂದೇ ಆಗಿ ಕಾಣುವುದರಿಂದ ಟೆಸ್ಟಿಂಗ್‌ನಲ್ಲೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ತಿಂಗಳ ಬಿಲ್ ನೋಡಿ ಅಕೌಂಟ್ಸ್‌ನವರು ಫೋನ್ ಮಾಡಿದಾಗ.

ಹುಡುಗ ದಡ್ಡನಲ್ಲ. ಡೇಟಾಬೇಸಿನಿಂದ ಪರದೆಯವರೆಗಿನ ದಾರಿ ಅವನಿಗೆ ಚೆನ್ನಾಗಿ ಗೊತ್ತು. ಟೆಲಿಕಾಂನವರ ದಾರಿ ಬೇರೆಯೇ ಇದೆ ಅನ್ನೋದು ಗೊತ್ತಿರಲಿಲ್ಲ. ನನ್ನ ಸಿಟ್ಟು ಅವನಿಗಿಂತ ಜಾಸ್ತಿ ನಮ್ಮ ಮೀಟಿಂಗ್‌ಗಳ ಮೇಲೆ. “ನೋಡಿ ಹೇಳ್ತೀನಿ” ಅಂದವರನ್ನು ಅಲ್ಲಿ ಕೆಲಸ ಬಾರದವರ ಹಾಗೆ ನೋಡುತ್ತಾರೆ.

ಆಮೇಲೆ ಅತಿಯಾದ ಆತ್ಮವಿಶ್ವಾಸದ ಬಗ್ಗೆ ಒಂದು ಪ್ರೆಸೆಂಟೇಶನ್ ಬೇರೆ ಆಯ್ತು. ಡನ್ನಿಂಗ್ ಮತ್ತು ಕ್ರೂಗರ್ ಎಂಬ ಮನೋವಿಜ್ಞಾನಿಗಳ ಹೆಸರಿನಲ್ಲಿ ಬೆಟ್ಟದ ಆಕಾರದ ಗ್ರಾಫ್ ತೋರಿಸಿದರು. ಸ್ವಲ್ಪ ಕಲಿತವನು ಬೆಟ್ಟದ ತುದಿಯಲ್ಲಿ, ಆಮೇಲೆ ಸೀದಾ ಕೆಳಗೆ. ತಮಾಷೆ ಏನಂದ್ರೆ, ಆ ಇಬ್ಬರ 1999ರ ಪ್ರಬಂಧದಲ್ಲಿ ಆ ಬೆಟ್ಟವೇ ಇಲ್ಲ. ಅಂಕಗಳಲ್ಲಿ ಕೊನೆಯ ಕಾಲು ಭಾಗದಲ್ಲಿದ್ದವರು ಕೂಡ ತಾವು ಸರಾಸರಿಗಿಂತ ಮೇಲೆ ಅಂದುಕೊಂಡಿದ್ದರು ಅನ್ನೋದು ಅಲ್ಲಿನ ಮುಖ್ಯ ಮಾತು. ಸ್ಲೈಡ್ ಮಾಡಿದವರು ಅದನ್ನು ತೆರೆದು ನೋಡಿದ ಹಾಗಿರಲಿಲ್ಲ.

ಮೆಸೇಜನ್ನು ಸರಿ ಮಾಡಿದ್ದು ಕಸ್ಟಮರ್ ಕೇರ್‌ನ ಹಾಸನದ ಹುಡುಗಿ. “ತಮ್ಮ ಮಾಸಿಕ ಕಂತಿನ ಮೊತ್ತವನ್ನು ಪಾವತಿಸಲು ಕೊನೆಯ ದಿನಾಂಕ” ಅನ್ನೋದನ್ನು ಹೊಡೆದುಹಾಕಿ “ಕಂತು ಕಟ್ಟಲು ಕೊನೆ ದಿನ” ಎಂದು ಬರೆದಳು. ಉಳಿದದ್ದನ್ನೂ ಹಾಗೇ ಕತ್ತರಿಸಿ ಒಂದೇ ತುಂಡಿಗೆ ಇಳಿಸಿದಳು. ಆದರೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮದಂತೆ ಒಕ್ಕಣೆ ಬದಲಾದರೆ ಟೆಂಪ್ಲೇಟನ್ನು, ಅಂದರೆ ಮೆಸೇಜಿನ ಮಾದರಿಯನ್ನು, ಮತ್ತೆ ನೋಂದಾಯಿಸಬೇಕು. ಅದಕ್ಕೆ ಒಪ್ಪಿಗೆ ಬರುವವರೆಗೆ ಮೂರು ತುಂಡಿನ ದುಡ್ಡನ್ನೇ ಕಟ್ಟುತ್ತಾ ಕೂತೆವು.