ದೊಡ್ಡವ್ವ ಕೊಟ್ಟ ಪುಡಿಯ ಪೊಟ್ಟಣ

ಕಳೆದ ವರ್ಷ ನನ್ನ ತಂಗಿ ಏಳನೆಯ ತಿಂಗಳಲ್ಲಿ ಕುಬಸ ಮುಗಿಸಿಕೊಂಡು ಬಾಗಲಕೋಟೆಯ ತವರಿಗೆ ಬಂದಾಗ, ದೊಡ್ಡವ್ವ ಹಳೆಯ ಪತ್ರಿಕೆಯ ಹಾಳೆಯಲ್ಲಿ ಕಟ್ಟಿದ ಕಂದು ಬಣ್ಣದ ಪುಡಿಯೊಂದನ್ನು ಅವಳ ಕೈಗಿತ್ತು, ದಿನಕ್ಕೆರಡು ಸಲ ಹಾಲಿನಲ್ಲಿ ಕುಡಿಯಲು ಹೇಳಿದ್ದರು. "ಬರೇ ಗಿಡದ ಬೇರೈತವ್ವಾ, ಏನೂ ಆಗೂದಿಲ್ಲ" ಎಂದೂ ಸೇರಿಸಿದ್ದರು.

ಎರಡು ವಾರಗಳ ನಂತರದ ತಪಾಸಣೆಯಲ್ಲಿ ಅವಳ ರಕ್ತದೊತ್ತಡ 140/90ಕ್ಕೆ ಏರಿತ್ತು. ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ ಎಂದು ವೈದ್ಯೆ ಕೇಳಿದಾಗ ತಂಗಿ ಇಲ್ಲವೆಂದಳು. ಅವಳು ಸುಳ್ಳು ಹೇಳಲಿಲ್ಲ. ಆ ಪುಡಿ ಅವಳ ಲೆಕ್ಕದಲ್ಲಿ ಔಷಧವೇ ಆಗಿರಲಿಲ್ಲ. ನನಗೆ ಆತಂಕ ಹುಟ್ಟಿಸುವುದು ಈ ಲೆಕ್ಕವೇ.

ದೊಡ್ಡವ್ವನಿಗೆ ಫೋನ್ ಮಾಡಿ ವಿಚಾರಿಸಿದಾಗ, ಪುಡಿಯಲ್ಲಿ ಹೆಚ್ಚಿನ ಪಾಲು ಜ್ಯೇಷ್ಠಮಧು, ಜೊತೆಗೆ ಅಶ್ವಗಂಧ ಮತ್ತು ಒಣಶುಂಠಿ ಇವೆಯೆಂದೂ, ಉಳಿದದ್ದು ಸಂತೆಯಲ್ಲಿ ಮಾರಿದವನಿಗೇ ಗೊತ್ತೆಂದೂ ತಿಳಿಯಿತು. ಜ್ಯೇಷ್ಠಮಧುವಿಗೆ ಸಿಹಿ ಕೊಡುವ ಗ್ಲಿಸಿರೈಜಿನ್ ಎಂಬ ಅಂಶವು ದೇಹದಲ್ಲಿ ಕಾರ್ಟಿಸಾಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವೊಂದನ್ನು ತಡೆಯುವುದರಿಂದ, ಮೂತ್ರಪಿಂಡಗಳು ಉಪ್ಪನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಕಳೆದುಕೊಳ್ಳುತ್ತವೆ, ರಕ್ತದೊತ್ತಡ ಏರುತ್ತದೆ. ಅದೇ ಕಿಣ್ವ ಗರ್ಭದಲ್ಲಿ ಕೂಸನ್ನು ಪೋಷಿಸುವ ಮಾಸಿನಲ್ಲಿಯೂ ಇದ್ದು, ತಾಯಿಯ ಕಾರ್ಟಿಸಾಲ್ ಕೂಸನ್ನು ಅತಿಯಾಗಿ ತಲುಪದಂತೆ ಕಾಯುತ್ತದೆ. ಜ್ಯೇಷ್ಠಮಧುವಿನ ಮಿಠಾಯಿ ಬಹಳವಾಗಿ ತಿನ್ನುವ ಫಿನ್‌ಲ್ಯಾಂಡ್ ದೇಶದಲ್ಲಿ, ಗರ್ಭಿಣಿಯರು ಅದರಿಂದ ದೂರವಿರಬೇಕೆಂದು ಸರ್ಕಾರವೇ ಸಲಹೆ ನೀಡುತ್ತದೆ. ಅಶ್ವಗಂಧವನ್ನೂ ಬಸುರಿಯರು ಸೇವಿಸಬಾರದು ಎಂದು ವೈದ್ಯೆ ಹೇಳಿದರು.

ನಮ್ಮ ಕಡೆ ದಿನ ತುಂಬುವ ಹೊತ್ತಿಗೆ ಹೆರಿಗೆ ಸಲೀಸಾಗಲೆಂದು ಔಡಲೆಣ್ಣೆ ಕುಡಿಸುವ ಮನೆಗಳು ಇನ್ನೂ ಇವೆ. ಅದರಲ್ಲಿರುವ ರಿಸಿನೋಲಿಕ್ ಆಮ್ಲ ಕರುಳನ್ನಷ್ಟೇ ಅಲ್ಲ, ಗರ್ಭಕೋಶವನ್ನೂ ಹಿಂಡುತ್ತದೆ. ಲೋಳಸರದ ಎಲೆ ಕೊಯ್ದಾಗ ಒಸರುವ ಹಳದಿ ರಸವೂ ಬಲವಾದ ಭೇದಿಯ ಔಷಧವೇ.

ಆಯುರ್ವೇದವನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಬಸುರಿಯನ್ನು ಎಣ್ಣೆ ತುಂಬಿದ ಪಾತ್ರೆಯಂತೆ, ತುಳುಕದ ಹಾಗೆ ಉಪಚರಿಸಬೇಕೆಂದು ಚರಕಸಂಹಿತೆಯೇ ಹೇಳುತ್ತದೆ. ಆ ಎಚ್ಚರಿಕೆಯನ್ನು ಬಿಟ್ಟು ಹೆಸರಿಲ್ಲದ ಪೊಟ್ಟಣವನ್ನು ಮಾತ್ರ ನಾವು ಉಳಿಸಿಕೊಂಡಿದ್ದೇವೆ. ಗಿಡದ ಮಾತು ಹಾಗಿರಲಿ, ಪೊಟ್ಟಣದಲ್ಲಿ ಗಿಡವಲ್ಲದ್ದೂ ಇರಬಹುದು: ಭಾರತದಿಂದ ತರಿಸಿದ ಇಂಥ ಔಷಧಗಳನ್ನು ಸೇವಿಸಿದ ಆರು ಮಂದಿ ಗರ್ಭಿಣಿಯರ ರಕ್ತದಲ್ಲಿ ಸೀಸ ವಿಪರೀತವಾಗಿ ಏರಿದ್ದು 2011–12ರಲ್ಲಿ ನ್ಯೂಯಾರ್ಕ್ ನಗರದಲ್ಲಿ ದಾಖಲಾಯಿತು. ಸೀಸ ಮಾಸನ್ನು ದಾಟಿ ಕೂಸಿನ ಮಿದುಳಿಗೆ ಹಾನಿ ಮಾಡುತ್ತದೆ.

ಅಡುಗೆಗೆ ಹಾಕುವ ಮೆಂತ್ಯ, ಅರಿಸಿನ, ಜೀರಿಗೆಗೆ ಯಾರೂ ಹೆದರಬೇಕಾಗಿಲ್ಲ. ವಾಕರಿಕೆಗೆ ಶುಂಠಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ದಿನಕ್ಕೆ ಸುಮಾರು ಒಂದು ಗ್ರಾಂ ಒಣಶುಂಠಿಯ ಮಿತಿಯಲ್ಲಿ. ಒಗ್ಗರಣೆಯ ಚಿಟಿಕೆ ಬೇರೆ, ಚಮಚಗಟ್ಟಲೆ ಪುಡಿ ಬೇರೆ.

ವೈದ್ಯೆ ಪುಡಿಯನ್ನು ಅಂದೇ ಬಿಡಿಸಿ, ವಾರಕ್ಕೊಮ್ಮೆ ರಕ್ತದೊತ್ತಡ ನೋಡಿದರು. ಅಂದಿನಿಂದ ತಂಗಿ ತಾಯಿ ಕಾರ್ಡಿನ ಕೊನೆಯ ಹಾಳೆಗೆ ಒಂದು ಚೀಟಿ ಅಂಟಿಸಿ, ಕಬ್ಬಿಣಾಂಶದ ಗುಳಿಗೆಯನ್ನೂ, ಕುಡಿದ ಪ್ರತಿಯೊಂದು ಕಷಾಯವನ್ನೂ ಅದರಲ್ಲಿ ಬರೆಯತೊಡಗಿದಳು. ಹೆರಿಗೆಯಾದ ಮೇಲೆ ದೊಡ್ಡವ್ವ ಬಾಣಂತಿಗೆಂದು ಅಂಟಿನ ಉಂಡಿ ಕಟ್ಟಿಕೊಂಡು ಬಂದರು. ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ, "ಇದರಾಗ ಏನೇನ ಹಾಕೇನಿ ಹೇಳ್ತೀನಿ, ಮೊದಲ ಬರಕೋ" ಎಂದು ತಂಗಿಯ ಮಗ್ಗುಲಲ್ಲಿ ಕುಳಿತರು.