ಡಿಸ್ನಿ ವರ್ಲ್ಡ್‌ಗೆ ಒಬ್ಬರೇ ಹೋದರೆ ದುಡ್ಡು ದಂಡವಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಆನ್‌ಸೈಟ್ ಅಂತ ಅಮೆರಿಕಕ್ಕೆ ಬಂದಿದ್ದೀನಿ, ರೂಮ್‌ಮೇಟ್‌ಗಳಿಗೆ ರಜೆ ಇಲ್ಲ. ಒಬ್ಬನೇ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಹೋದ್ರೆ ದುಡ್ಡು ದಂಡ ಅಲ್ವಾ?" ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ.

ದಂಡ ಅಲ್ಲ. ಆದರೆ ನಾಲ್ಕು ಜನರ ಸಂಸಾರಕ್ಕೆ ಹಾಕಿದ ಪ್ಲಾನನ್ನು ಒಬ್ಬರು ಹಾಗೇ ನಕಲು ಹೊಡೆದರೆ ಖಂಡಿತ ದಂಡ. ಒಂಟಿಯಾಗಿ ಹೋಗುವವರು ಖರ್ಚು ಮಾಡಬೇಕಾದ ಜಾಗವೇ ಬೇರೆ, ಕೈ ಬಿಗಿ ಹಿಡಿಯಬೇಕಾದ ಜಾಗವೇ ಬೇರೆ.

ಮೊದಲು ತಿಳಿಯಬೇಕಾದ್ದು, ಡಿಸ್ನಿ ವರ್ಲ್ಡ್ ಅಂದರೆ ಒಂದು ಪಾರ್ಕ್ ಅಲ್ಲ. ಸುಮಾರು 100 ಚದರ ಕಿಲೋಮೀಟರ್ ಜಾಗದಲ್ಲಿ ಹರಡಿರುವ ನಾಲ್ಕು ಪಾರ್ಕ್‌ಗಳು: ಮ್ಯಾಜಿಕ್ ಕಿಂಗ್‌ಡಮ್ (1971), ಎಪ್ಕಾಟ್ (1982), ಹಾಲಿವುಡ್ ಸ್ಟುಡಿಯೋಸ್ (1989), ಆನಿಮಲ್ ಕಿಂಗ್‌ಡಮ್ (1998). ಒಂದರಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ, ಕಾಯುವುದೂ ಸೇರಿ, ಮುಕ್ಕಾಲು ಗಂಟೆ ಕಳೆದಿರುತ್ತದೆ. ಹಾಗಾಗಿ ಮೊದಲ ಸಲ ಹೋಗುವವರು, ಒಂದೇ ದಿನ ಹಲವು ಪಾರ್ಕ್ ಸುತ್ತಲು ಬಿಡುವ ಪಾರ್ಕ್ ಹಾಪರ್ ಟಿಕೆಟ್ ಕಡೆ ನೋಡಲೇಬೇಡಿ. ದಿನಕ್ಕೆ ಒಂದು ಪಾರ್ಕ್ ಸಾಕು. ಎರಡು ದಿನ ಇದ್ದರೆ ನನ್ನ ಆಯ್ಕೆ ಮ್ಯಾಜಿಕ್ ಕಿಂಗ್‌ಡಮ್ ಮತ್ತು ಎಪ್ಕಾಟ್. ಒಂದೇ ದಿನ ಇದ್ದರೆ ಎಪ್ಕಾಟ್. ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆ ನೋಡದೆ ಡಿಸ್ನಿ ಎಂಥದ್ದು ಅಂತ ಜಗಳಕ್ಕೆ ಬರುವವರಿದ್ದಾರೆ, ಬರಲಿ. ಕಾರಣ ಮುಂದೆ ಹೇಳುತ್ತೇನೆ.

ಟಿಕೆಟ್ ಬೆಲೆ ದಿನದ ಮೇಲೆ ನಿಂತಿದೆ. ಒಂದು ದಿನದ್ದು ಜನ ಕಡಿಮೆ ಇರುವಾಗ 120 ಡಾಲರ್ ಆಸುಪಾಸು ಇದ್ದರೆ, ಕ್ರಿಸ್‌ಮಸ್ ವಾರದ ಮ್ಯಾಜಿಕ್ ಕಿಂಗ್‌ಡಮ್‌ಗೆ 200 ಮುಟ್ಟುತ್ತದೆ. ತೆರಿಗೆ ಬೇರೆ. ದಿನಗಳು ಹೆಚ್ಚಾದಂತೆ ಒಂದು ದಿನಕ್ಕೆ ಬೀಳುವ ಬೆಲೆ ಇಳಿಯುತ್ತದೆ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಾಲ್ಕು ದಿನ ರಜೆ ಸಿಗುತ್ತೆ ಅಂತ ನಮ್ಮವರು ಅದೇ ವಾರ ಹೊರಡುತ್ತಾರೆ. ಅಮೆರಿಕದವರೂ ಅದೇ ವಾರ ಹೊರಟಿರುತ್ತಾರೆ. ಒಬ್ಬರೇ ಹೋಗುವವರಿಗೆ ಮಕ್ಕಳ ಶಾಲೆಯ ರಜೆಯ ಹಂಗಿಲ್ಲ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ವಾರದ ದಿನಗಳನ್ನು ಹಿಡಿಯಿರಿ. ಮಂಗಳೂರಿನ ಮೇ ತಿಂಗಳಂಥ ಸೆಕೆ ಇರುತ್ತದೆ, ಮಧ್ಯಾಹ್ನ ಗುಡುಗು ಮಳೆಯೂ ಇರುತ್ತದೆ, ಆದರೆ ಸಾಲು ಗಿಡ್ಡ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆದ್ದರಿಂದ ವಿಮಾನ, ಹೋಟೆಲ್ ಎರಡೂ ರದ್ದು ಮಾಡಲು ಬರುವಂಥವೇ ಇರಲಿ.

ಒಂದು ಎಚ್ಚರಿಕೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹ್ಯಾಲೊವೀನ್ ಪಾರ್ಟಿ, ನವೆಂಬರ್‌ನಿಂದ ಕ್ರಿಸ್‌ಮಸ್ ಪಾರ್ಟಿ ಅಂತ ಆಯ್ದ ರಾತ್ರಿಗಳಲ್ಲಿ ಮ್ಯಾಜಿಕ್ ಕಿಂಗ್‌ಡಮ್ ಬೇರೆ ಟಿಕೆಟ್ ಮಾರುತ್ತದೆ. ಆ ದಿನ ಮಾಮೂಲಿ ಟಿಕೆಟ್‌ನವರನ್ನು ಸಂಜೆ 6ಕ್ಕೆ ಹೊರಗೆ ಕಳಿಸುತ್ತಾರೆ, ಪಟಾಕಿ ಪ್ರದರ್ಶನ ನಿಮ್ಮ ಪಾಲಿಗಿಲ್ಲ. ಅದೇ ಕಾರಣಕ್ಕೆ ಹಗಲು ಜನವೂ ಕಡಿಮೆ. ಪಟಾಕಿ ಬೇಕಾದವರು ಆ ದಿನ ಬಿಡಿ, ರೈಡ್ ಬೇಕಾದವರು ಅದೇ ದಿನ ಹಿಡಿಯಿರಿ.

ಈಗ ಒಂಟಿ ಪ್ರಯಾಣಿಕರ ಕೈಯಲ್ಲಿರುವ ದೊಡ್ಡ ಅಸ್ತ್ರ, ಸಿಂಗಲ್ ರೈಡರ್ ಸಾಲು. ಗುಂಪುಗಳನ್ನು ಕೂರಿಸಿದ ಮೇಲೆ ಉಳಿಯುವ ಒಂಟಿ ಸೀಟುಗಳನ್ನು ತುಂಬುವ ಸಾಲಿದು, ದುಡ್ಡು ಕೊಡಬೇಕಿಲ್ಲ. ಎಪ್ಕಾಟ್‌ನ ಟೆಸ್ಟ್ ಟ್ರ್ಯಾಕ್, ಆನಿಮಲ್ ಕಿಂಗ್‌ಡಮ್‌ನ ಎಕ್ಸ್‌ಪೆಡಿಷನ್ ಎವರೆಸ್ಟ್, ಹಾಲಿವುಡ್ ಸ್ಟುಡಿಯೋಸ್‌ನ ಸ್ಮಗ್ಲರ್ಸ್ ರನ್, ಈ ಮೂರರಲ್ಲಿ ಇದೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಒಂದೂ ಇಲ್ಲ. ಒಬ್ಬರೇ ಬಂದಿದ್ದಕ್ಕೆ ಯಾವ ಲಾಭವೂ ಸಿಗದ ಪಾರ್ಕ್ ಅಂದರೆ ಅದೇ, ಮತ್ತು ಎಲ್ಲರೂ ಮೊದಲು ಓಡುವುದೂ ಅಲ್ಲಿಗೇ.

ಈ ಸಾಲು ಎಲ್ಲ ಕಡೆ ಒಂದೇ ವೇಗದಲ್ಲಿ ಸರಿಯುವುದಿಲ್ಲ. ಟೆಸ್ಟ್ ಟ್ರ್ಯಾಕ್ ಕಾರಿನಲ್ಲಿ ಮೂರು ಸೀಟಿನ ಎರಡು ಸಾಲು. ನಾಲ್ಕು ಜನರ ಸಂಸಾರ ಇಬ್ಬಿಬ್ಬರಾಗಿ ಕೂತರೆ ಎರಡು ಸೀಟು ಖಾಲಿ, ಜೋಡಿ ಕೂತರೆ ಒಂದು ಖಾಲಿ. ಒಂಟಿಗಳ ಸಾಲು ಸರಸರ ಮುಂದೆ ಹೋಗುತ್ತದೆ. ಎವರೆಸ್ಟ್‌ನ ರೈಲಿನಲ್ಲಿ ಅಡ್ಡಸಾಲಿಗೆ ಎರಡೇ ಸೀಟು. ಬೆಸ ಸಂಖ್ಯೆಯ ಗುಂಪು ಬಂದರಷ್ಟೇ ಜಾಗ. ಬಾಹ್ಯಾಕಾಶ ನೌಕೆ ಹಾರಿಸುವ ಆಟವಾದ ಸ್ಮಗ್ಲರ್ಸ್ ರನ್‌ನಲ್ಲಿ ಬೇರೆಯೇ ತೊಡಕು. ಆರು ಜನರ ಕಾಕ್‌ಪಿಟ್, ಮುಂದೆ ಇಬ್ಬರು ಪೈಲಟ್, ನಡುವೆ ಇಬ್ಬರು ಗನ್ನರ್, ಹಿಂದೆ ಇಬ್ಬರು ಎಂಜಿನಿಯರ್. ಎಡಗಡೆ ಪೈಲಟ್ ನೌಕೆಯನ್ನು ಎಡ ಬಲ ತಿರುಗಿಸಿದರೆ, ಬಲಗಡೆಯವರು ಮೇಲೆ ಕೆಳಗೆ ಹಾರಿಸುತ್ತಾರೆ. ಒಂಟಿಯಾಗಿ ಬಂದವರಿಗೆ ಹೆಚ್ಚುಕಡಿಮೆ ಯಾವಾಗಲೂ ಸಿಗುವುದು ಹಿಂದಿನ ಎಂಜಿನಿಯರ್ ಸೀಟು. ಯಾರೋ ಪುಟ್ಟ ಮಗು ನೌಕೆಯನ್ನು ಗೋಡೆಗೆ ಗುದ್ದುವುದನ್ನು ನೋಡುತ್ತ ಹಿಂದೆ ಕೂತು ಗುಂಡಿ ಒತ್ತುವ ಕೆಲಸ. ಪೈಲಟ್ ಆಗಲೇಬೇಕೆಂದಿದ್ದರೆ ಬೆಳಿಗ್ಗೆ ಮೊದಲ ಗಂಟೆಯಲ್ಲಿ ಮಾಮೂಲಿ ಸಾಲಿನಲ್ಲೇ ನಿಂತು ಕೇಳಿನೋಡಿ.

ಸಿಂಗಲ್ ರೈಡರ್ ಸಾಲಿನಲ್ಲಿ ಹೋದವರಿಗೆ ತಪ್ಪುವುದು ರೈಡಿನ ಪೀಠಿಕೆ. ಎವರೆಸ್ಟ್‌ನ ಮಾಮೂಲಿ ಸಾಲು ಟೀ ಅಂಗಡಿ, ಹಿಮಮಾನವ ಯೇತಿಯ ಮ್ಯೂಸಿಯಂ ಅಂತ ಬಲು ಚಂದದ ಹಿಮಾಲಯದ ಹಳ್ಳಿಯೊಳಗೆ ಸುತ್ತಿ ಹೋಗುತ್ತದೆ. ಅದನ್ನು ಒಂದು ಸಲ ನೋಡಲೇಬೇಕು. ಮೊದಲ ಸಲ ಮಾಮೂಲಿ ಸಾಲು, ಎರಡನೇ ಸಲದಿಂದ ಸಿಂಗಲ್ ರೈಡರ್, ಇದು ಸರಿಯಾದ ಕ್ರಮ. ಡಿಸ್ನಿಯ ಆ್ಯಪ್‌ನಲ್ಲಿ ಕಾಣುವ ಕಾಯುವ ನಿಮಿಷ ಮಾಮೂಲಿ ಸಾಲಿನದ್ದು ಮಾತ್ರ. ಅಲ್ಲಿ 20 ನಿಮಿಷಕ್ಕಿಂತ ಕಡಿಮೆ ತೋರಿಸುತ್ತಿದ್ದರೆ ಮಾಮೂಲಿ ಸಾಲೇ ವಾಸಿ. ಒಂಟಿಗಳ ಸಾಲು ತುಂಬಿಹೋದಾಗ ಅದನ್ನು ಹೊತ್ತು ನೋಡಿ ಮುಚ್ಚುತ್ತಾರೆ. ಗೊಣಗಿ ಫಲವಿಲ್ಲ, ಅರ್ಧ ಗಂಟೆ ಬಿಟ್ಟು ಬನ್ನಿ.

ಹಾಗಾದರೆ ಲೈಟ್ನಿಂಗ್ ಲೇನ್‌ಗೆ ದುಡ್ಡು ಕೊಡಬೇಕಾ? ಇದು ಸಾಲು ತಪ್ಪಿಸುವ ಪಾಸು. ಮಲ್ಟಿ ಪಾಸ್‌ನಲ್ಲಿ ಮೊದಲೇ ಮೂರು ರೈಡ್ ಆರಿಸಿಕೊಂಡು, ಒಂದು ಬಳಸಿದ ಮೇಲೆ ಇನ್ನೊಂದು ಸೇರಿಸುತ್ತ ಹೋಗಬಹುದು. ದಿನ ಮತ್ತು ಪಾರ್ಕ್ ನೋಡಿ ಬೆಲೆ ಹೆಚ್ಚುಕಡಿಮೆ ಆಗುತ್ತದೆ. ಡಿಸ್ನಿ ಹೋಟೆಲ್‌ನಲ್ಲಿ ಉಳಿಯುವವರಿಗೆ 7 ದಿನ ಮೊದಲು, ಉಳಿದವರಿಗೆ 3 ದಿನ ಮೊದಲು, ಫ್ಲಾರಿಡಾ ಸಮಯ ಬೆಳಿಗ್ಗೆ 7ಕ್ಕೆ ಬುಕಿಂಗ್ ತೆರೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿರುವವರು ಬೆಳಗಿನ ಜಾವ 4ಕ್ಕೇ ಅಲಾರಂ ಇಡಬೇಕು. ಇದನ್ನು ಮ್ಯಾಜಿಕ್ ಕಿಂಗ್‌ಡಮ್ ದಿನ ಮಾತ್ರ ಕೊಳ್ಳಿ. ಎಪ್ಕಾಟ್, ಆನಿಮಲ್ ಕಿಂಗ್‌ಡಮ್‌ನಲ್ಲಿ ಗೇಟು ತೆರೆಯುವ ಮುಂಚೆ ಹೋಗಿ ನಿಂತು, ಜತೆಗೆ ಸಿಂಗಲ್ ರೈಡರ್ ಬಳಸಿದರೆ ಆ ದುಡ್ಡು ಉಳಿಯುತ್ತದೆ. ಇನ್ನೊಂದು ಉಪಾಯ: ಪಾರ್ಕ್ ಮುಚ್ಚುವ ಹೊತ್ತಿಗೆ ಯಾರು ಸಾಲಿನಲ್ಲಿರುತ್ತಾರೋ ಅವರನ್ನೆಲ್ಲ ರೈಡ್ ಹತ್ತಿಸಿಯೇ ಕಳಿಸುತ್ತಾರೆ. ಮಕ್ಕಳಿರುವವರು ಆ ಹೊತ್ತಿಗೆ ಸುಸ್ತಾಗಿರುತ್ತಾರೆ. ನಿಮಗೇನು, 9ಕ್ಕೆ ಮುಚ್ಚುವುದಾದರೆ 8:55ಕ್ಕೆ ಸಾಲು ಸೇರಿ.

ಹೋಟೆಲ್ ವಿಷಯದಲ್ಲಿ ಕಾರು ಓಡಿಸುತ್ತೀರಾ ಇಲ್ಲವಾ ಎನ್ನುವುದೇ ಲೆಕ್ಕ. ಬಾಡಿಗೆ ಹಂಚಿಕೊಳ್ಳಲು ಯಾರೂ ಇಲ್ಲ, ಹಾಗಾಗಿ ಪಕ್ಕದ ಊರಾದ ಕಿಸಿಮಿಯ ಅಗ್ಗದ ರೂಮು ಆಸೆ ಹುಟ್ಟಿಸುತ್ತದೆ. ಆದರೆ ಕಾರಿನ ಬಾಡಿಗೆ, ದಿನಕ್ಕೆ 30 ಡಾಲರ್ ಆಸುಪಾಸಿನ ಪಾರ್ಕಿಂಗ್, ಇಲ್ಲವೇ ಎರಡು ಹೊತ್ತಿನ ಊಬರ್ ಸೇರಿಸಿ ನೋಡಿ. ಡಿಸ್ನಿಯ ಆಲ್ ಸ್ಟಾರ್ ಅಥವಾ ಪಾಪ್ ಸೆಂಚುರಿ ಹೋಟೆಲ್‌ನಲ್ಲಿ ಬಸ್ಸು ಉಚಿತ, ದಿನವೂ ಅರ್ಧ ಗಂಟೆ ಮೊದಲೇ ಪಾರ್ಕ್ ಪ್ರವೇಶ. ಪಾಪ್ ಸೆಂಚುರಿಯಿಂದ ಎಪ್ಕಾಟ್‌ಗೂ ಹಾಲಿವುಡ್ ಸ್ಟುಡಿಯೋಸ್‌ಗೂ ಸ್ಕೈಲೈನರ್ ಎಂಬ ಕೇಬಲ್ ಕಾರೇ ಇದೆ; ಮಿಂಚು ಬಂದರೆ ಮಾತ್ರ ನಿಲ್ಲುತ್ತದೆ. ಕಾರು ಓಡಿಸದವರಿಗೆ ಎರಡೂ ಲೆಕ್ಕ ಅನೇಕ ಸಲ ಸರಿಸಮ ಬರುತ್ತದೆ.

ಒಂಟಿಯಾಗಿ ಹೋದವರು ನಿಜವಾಗಿ ಒದ್ದಾಡುವುದು ಸಣ್ಣ ವಿಷಯಗಳಲ್ಲಿ. ಬ್ಯಾಗ್ ಹಿಡಿದುಕೊಳ್ಳಲು ಯಾರಿಲ್ಲ. ಹಾಗಾಗಿ ಕಾಲ ಬಳಿ ಹಿಡಿಸುವ ಚಿಕ್ಕ ಬ್ಯಾಗ್ ಮಾತ್ರ ತನ್ನಿ; ಮ್ಯಾಜಿಕ್ ಕಿಂಗ್‌ಡಮ್‌ನ ಟ್ರಾನ್ ರೈಡ್‌ನಲ್ಲಿ ಬ್ಯಾಗ್ ಲಾಕರ್‌ಗೇ ಹೋಗಬೇಕು, ಅದು ಉಚಿತ. ಸಾಲಿನಲ್ಲಿ ಜಾಗ ಕಾಯಲು ಯಾರಿಲ್ಲ, ಆದ್ದರಿಂದ ಒಂದು ಗಂಟೆಯ ಸಾಲಿಗೆ ಮುಂಚೆ ಶೌಚಾಲಯಕ್ಕೆ ಹೋಗಿ ಬನ್ನಿ. ಟಿಕೆಟ್, ಊಟದ ಆರ್ಡರ್, ನಕ್ಷೆ, ಊಬರ್ ಎಲ್ಲ ಒಂದೇ ಫೋನಿನಲ್ಲಿ. ಅದು ಸತ್ತರೆ ಪಕ್ಕದವರ ಫೋನ್ ಇಲ್ಲ. ಪವರ್ ಬ್ಯಾಂಕ್ ಕಡ್ಡಾಯ, ಹೋಟೆಲ್ ವಿಳಾಸ ಒಂದು ಚೀಟಿಯಲ್ಲಿರಲಿ. ಸೆಲ್ಫಿ ಸ್ಟಿಕ್ ಒಳಗೆ ಬಿಡುವುದಿಲ್ಲ. ಕೋಟೆಯ ಮುಂದೆ ನಿಂತಿರುವ ಡಿಸ್ನಿಯವರದೇ ಫೋಟೋಪಾಸ್ ಫೋಟೋಗ್ರಾಫರ್‌ಗೆ ನಿಮ್ಮ ಫೋನ್ ಕೊಟ್ಟರೆ ಅದರಲ್ಲೂ ಪುಕ್ಕಟೆ ತೆಗೆದುಕೊಡುತ್ತಾರೆ, ಸಂಕೋಚ ಬೇಡ.

ಬಿಸಿಲಿಗೆ ತಲೆ ಸುತ್ತುತ್ತಿದೆ ಅಂತ ಗಮನಿಸುವವರೂ ಇಲ್ಲ ಎನ್ನುವುದನ್ನು ಮರೆಯಬೇಡಿ. ತಿಂಡಿ ಕೌಂಟರ್‌ಗಳಲ್ಲಿ ಐಸ್ ನೀರು ಕೇಳಿದರೆ ಒಂದು ಲೋಟ ಉಚಿತ. ಕಾಲು ಬೊಬ್ಬೆ ಬಂದರೆ ಪ್ರತಿ ಪಾರ್ಕಿನಲ್ಲೂ ಫಸ್ಟ್ ಏಡ್ ಇದೆ, ಪಟ್ಟಿ ಹಾಕಿಸಿಕೊಳ್ಳಬಹುದು. ದಿನಕ್ಕೆ ಹತ್ತು ಕಿಲೋಮೀಟರ್ ಮೀರಿ ನಡೆಯುವುದು ಮಾಮೂಲಿ, ಹೊಸ ಶೂ ಹಾಕಿಕೊಂಡು ಹೋಗಬೇಡಿ.

ಊಟಕ್ಕೆ ಬಂದರೆ, ಎಪ್ಕಾಟ್ ಮೊದಲು ಎಂದ ಕಾರಣ ಇಲ್ಲಿದೆ. ಅಲ್ಲಿ ಕೆರೆಯ ಸುತ್ತ 11 ದೇಶಗಳ ಮಳಿಗೆಗಳು, ಒಂದು ಸುತ್ತು ಸುಮಾರು 2 ಕಿಲೋಮೀಟರ್. ಬೇರೆ ಪಾರ್ಕ್‌ಗಳಲ್ಲಿ ಒಬ್ಬರಿಗೆ ದೊಡ್ಡ ತಟ್ಟೆ ಜಾಸ್ತಿಯಾಗುತ್ತದೆ, ಹಂಚಿಕೊಳ್ಳಲು ಯಾರಿಲ್ಲ. ಎಪ್ಕಾಟ್‌ನಲ್ಲಿ ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ನಡೆಯುವ ಆಹಾರ ಉತ್ಸವದಲ್ಲಿ ಎಲ್ಲವೂ ಪುಟ್ಟ ತಟ್ಟೆಯಲ್ಲೇ ಬರುತ್ತದೆ. ನಿಂತು ತಿಂದು ಮುಂದಿನ ದೇಶಕ್ಕೆ ನಡೆಯುವುದು. ಸಸ್ಯಾಹಾರಿಗಳಿಗೆ ಒಂದು ಮಾತು: ಮೆನುವಿನಲ್ಲಿ ಎಲೆಯ ಗುರುತಿದ್ದರೆ ಮಾಂಸ, ಮೊಟ್ಟೆ, ಹಾಲು, ಜೇನು ಯಾವುದೂ ಇಲ್ಲ ಅಂತ ಅರ್ಥ. ಗುರುತಿಲ್ಲದ್ದು ತರಕಾರಿಯಂತೆ ಕಂಡರೂ ಕೇಳಿಯೇ ತಗೊಳ್ಳಿ. ಹೊರಗಿನ ತಿಂಡಿ ಒಯ್ಯಲು ಅಡ್ಡಿಯಿಲ್ಲ, ಗಾಜಿನ ಡಬ್ಬಿ ಮತ್ತು ಮದ್ಯ ಬಿಟ್ಟು. ಚಪಾತಿ ಪಲ್ಯ ಸುತ್ತಿಕೊಂಡು ಹೋದರೆ ಮಧ್ಯಾಹ್ನದ 20 ಡಾಲರ್ ಉಳಿಯಿತು.

ವಾಪಸ್ ಬರುವುದನ್ನು ಮಾತ್ರ ಮೊದಲೇ ಗೊತ್ತುಮಾಡಿಕೊಂಡಿರಿ, ವಿಶೇಷವಾಗಿ ಒಬ್ಬರೇ ಹೋಗುವ ಹೆಣ್ಣುಮಕ್ಕಳು. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಊಬರ್ ಗೇಟಿಗೆ ಬರುವುದಿಲ್ಲ. ಕೆರೆಯಾಚೆಯ ಟಿಕೆಟ್ ಸೆಂಟರ್‌ಗೆ ಮಾನೊರೈಲು ಅಥವಾ ಫೆರಿಯಲ್ಲಿ ದಾಟಬೇಕು. ಬೆಳಿಗ್ಗೆ ಇದಕ್ಕೆ ಮುಕ್ಕಾಲು ಗಂಟೆ ಎತ್ತಿಡಿ. ರಾತ್ರಿ ಪಟಾಕಿ ಮುಗಿದ ಕೂಡಲೇ ಸಾವಿರಾರು ಜನ ಅದೇ ಎರಡು ದಾರಿಗೆ ನುಗ್ಗುತ್ತಾರೆ. ಆ ಹೊತ್ತಿಗೆ ನೀವು ಗೇಟಿನಿಂದ ಕಾಂಟೆಂಪೊರರಿ ಹೋಟೆಲ್ ಕಡೆಗಿರುವ ಕಾಲುದಾರಿ ಹಿಡಿಯಿರಿ. ಹತ್ತು ನಿಮಿಷದ ನಡಿಗೆ, ದೀಪ ಇದೆ, ಜನರ ಓಡಾಟ ಇದೆ. ಹೋಟೆಲ್ ಲಾಬಿಯೊಳಗೆ ಕೂತು ಊಬರ್ ಕರೆಯಿರಿ, ಗಾಡಿಯ ನಂಬರ್ ತಾಳೆ ನೋಡಿ ಹತ್ತಿ.