15 ನಿಮಿಷದ ಲೆಕ್ಕ: ಕಲಬುರಗಿಯ ಬೇಳೆ ಮಿಲ್ಲುಗಳಲ್ಲಿ ಕಲಿತದ್ದು

ಎಚ್‌ಟಿ (ಹೈ ಟೆನ್ಶನ್, ಅಂದರೆ ಹೆಚ್ಚಿನ ವೋಲ್ಟೇಜಿನ) ಸಂಪರ್ಕವಿರುವ ಯಾವ ಬೇಳೆ ಮಿಲ್ಲಿನ ಕರೆಂಟ್ ಬಿಲ್ ತೆಗೆದು ನೋಡಿದರೂ ಅದರಲ್ಲಿ ಎಂಡಿ ಅಂತ ಒಂದು ಅಂಕಿ ಇರುತ್ತದೆ. ತಿಂಗಳಲ್ಲಿ ದಾಖಲಾದ ಗರಿಷ್ಠ ಬೇಡಿಕೆ, ಕೆವಿಎ (ಲೈನಿನಿಂದ ಎಳೆಯುವ ಒಟ್ಟು ಶಕ್ತಿಯ ಅಳತೆ) ಲೆಕ್ಕದಲ್ಲಿ. ಮೀಟರು ಪ್ರತಿ 15 ನಿಮಿಷಕ್ಕೆ ಒಂದು ಸರಾಸರಿ ತೆಗೆದು, ಇಡೀ ತಿಂಗಳಲ್ಲಿ ಅತಿ ಹೆಚ್ಚು ಬಂದ ಒಂದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದು ಒಪ್ಪಂದದ ಬೇಡಿಕೆಯನ್ನು, ಅಂದರೆ ವಿದ್ಯುತ್ ಕಂಪನಿಯ ಜೊತೆ ಬರೆದುಕೊಂಡ ಮಿತಿಯನ್ನು, ಮೀರಿದರೆ, ಮೀರಿದಷ್ಟಕ್ಕೆ ಎರಡು ಪಟ್ಟು ದರ. ತಿಂಗಳಿಡೀ ಶಿಸ್ತಾಗಿ ಮಿಲ್ ಓಡಿಸಿ ಒಂದೇ ಒಂದು ಕಾಲು ಗಂಟೆ ಕೈ ಮೀರಿದರೂ ಬಿಲ್ಲಿನಲ್ಲಿ ಕೂರುವುದು ಆ ಕಾಲು ಗಂಟೆಯೇ.

ಕಪನೂರ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಮಿಲ್ಲುಗಳಿಗೆ ಮೀಟರ್, ಸೋಲಾರ್, ವಿದ್ಯುತ್ ಪ್ಯಾನೆಲ್ ಕೂರಿಸುವುದು ನನ್ನ ಕೆಲಸ. ತೊಗರಿ ರಾಶಿ ಮುಗಿದು ಗಂಜಿಗೆ (ಕಾಳಿನ ಮಾರುಕಟ್ಟೆಗೆ) ಆವಕ ಏರಿತೆಂದರೆ ಮಿಲ್ಲುಗಳು ಹಗಲು ರಾತ್ರಿ ಓಡುತ್ತವೆ. ಆಗ ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಸೋಲಾರ್ ಹಾಕಿಸೀವಿ, ಯೂನಿಟ್ ಕಮ್ಮಿ ಆಗ್ಯಾವ, ಎಂಡಿ ಯಾಕ ಇಳಿದಿಲ್ಲ ನೋಡ್ರಿ ಸರ?"

ಉತ್ತರ ಸಿಗುವುದು ಕ್ಷಣಕ್ಷಣದ ದಾಖಲೆಯಲ್ಲಿ. ಮೀಟರಿನಿಂದ ಆರ್‌ಎಸ್-485 ಡೇಟಾ ತಂತಿ ಎಳೆದು, ಸಿಮ್ ಇರುವ ಸಣ್ಣ ಗೇಟ್‌ವೇ ಪೆಟ್ಟಿಗೆಗೆ ಕೊಟ್ಟರೆ ಓದು ಇಂಟರ್ನೆಟ್ ಮೂಲಕ ಫೋನಿಗೆ ಬರುತ್ತದೆ. ಒಂದು ವಾರದ ಗೆರೆ ನೋಡಿದರೆ ಸಾಕು. ನಡುಹಗಲಲ್ಲಿ ಸೋಲಾರ್ ಹೊರೆ ಹೊರುತ್ತದೆ, ಮೀಟರ್ ಮೇಲಿನ ಎಳೆತ ಇಳಿಯುತ್ತದೆ. ಸಂಜೆ ಐದರ ಮೇಲೆ ಬಿಸಿಲು ಇಳಿದರೂ ರೋಲರುಗಳು ನಿಲ್ಲುವುದಿಲ್ಲ, ಇಡೀ ಹೊರೆ ಮತ್ತೆ ಲೈನಿನ ಮೇಲೆ ಬೀಳುತ್ತದೆ. ಎಂಡಿ ಇಳಿದಿರುವುದಿಲ್ಲ, ಮಧ್ಯಾಹ್ನದಿಂದ ಸಂಜೆಗೆ ಸರಿದಿರುತ್ತದೆ ಅಷ್ಟೇ. ಬಿಸಿಲಿಲ್ಲದ ಹೊತ್ತಿನಲ್ಲಿ ಏನು ನಿಲ್ಲಿಸಬೇಕು ಅಂತ ಗೊತ್ತುಮಾಡಿಕೊಳ್ಳದೆ ಸೋಲಾರಿನಿಂದ ಎಂಡಿ ಉಳಿತಾಯ ನಿರೀಕ್ಷಿಸಬಾರದು. ಇದನ್ನು ಸೋಲಾರ್ ಮಾರುವವರೇ ಮೊದಲು ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಒಪ್ಪಂದ 200 ಕೆವಿಎ ಅಂದುಕೊಳ್ಳಿ. ಒಂದು 15 ನಿಮಿಷದ ಪಾಲು 50 ಕೆವಿಎಎಚ್ (ಒಂದು ಕೆವಿಎ ಒಂದು ಗಂಟೆ ಎಳೆದರೆ ಒಂದು ಕೆವಿಎಎಚ್). ಎಂಟನೇ ನಿಮಿಷಕ್ಕೇ 32 ಆಗಿಹೋಗಿದೆ. ಅದೇ ವೇಗದಲ್ಲಿ ಹೋದರೆ 60 ಆಗಿ ಎಂಡಿ 240 ಮುಟ್ಟುತ್ತದೆ. ಆದರೆ ಇನ್ನೂ ಏಳು ನಿಮಿಷವಿದೆ, 18 ಉಳಿದಿದೆ. ಈ ಏಳು ನಿಮಿಷ ಹೊರೆಯನ್ನು ಸುಮಾರು 154 ಕೆವಿಎಗೆ ಇಳಿಸಿಕೊಂಡರೆ ಗಡಿ ದಾಟುವುದಿಲ್ಲ. ತಿಂಗಳ ಕೊನೆಗೆ ಬಿಲ್ ಹೇಳುವ ಸುದ್ದಿಯನ್ನು ಎಂಟನೇ ನಿಮಿಷಕ್ಕೆ ಹೇಳುವುದೇ ಈ ಏರ್ಪಾಡಿನ ಬೆಲೆ. ಒಂದು ಎಚ್ಚರಿಕೆ: ಕಾಲು ಗಂಟೆ ಶುರುವಾಗುವುದು ಬಿಲ್ಲಿಂಗ್ ಮೀಟರಿನ ಗಡಿಯಾರದಂತೆ, ನಮ್ಮ ಫೋನಿನ ಗಡಿಯಾರದಂತಲ್ಲ. ಎರಡರ ನಡುವೆ ಮೂರು ನಿಮಿಷ ವ್ಯತ್ಯಾಸವಿದ್ದರೂ ಮುನ್ಸೂಚನೆ ಕೆಡುತ್ತದೆ. ಮೀಟರಿನ ಡಿಸ್‌ಪ್ಲೇಯಲ್ಲಿ ಬರುವ ಸಮಯ ನೋಡಿ ಗೇಟ್‌ವೇಯನ್ನು ಅದಕ್ಕೆ ಹೊಂದಿಸಬೇಕು.

ಇನ್ನು ಎಚ್ಚರಿಕೆ ಯಾರಿಗೆ ಹೋಗಬೇಕು? ಮಾಲೀಕರ ಫೋನಿಗೆ ಅಂತಲೇ ಎಲ್ಲರೂ ಕೇಳುತ್ತಾರೆ. ಮಾಲೀಕರು ನೆಹರು ಗಂಜಿನ ಅಡತಿಯಲ್ಲಿ ಸವಾಲಿನ (ಹರಾಜಿನ) ಗದ್ದಲದ ನಡುವೆ ಇರುತ್ತಾರೆ. ಅವರು ನೋಡಿ, ಮುನೀಮರಿಗೆ ಫೋನ್ ಮಾಡಿ, ಮುನೀಮರು ಅಂಗಳ ದಾಟಿ ಫಿಟ್ಟರನ್ನು ಹುಡುಕುವಷ್ಟರಲ್ಲಿ ಕಾಲು ಗಂಟೆ ಮುಗಿದಿರುತ್ತದೆ. ಹಾಗಾಗಿ ನಾನೀಗ ವಿದ್ಯುತ್ ಪ್ಯಾನೆಲ್ ಹತ್ತಿರವೇ ಕೆಂಪು ದೀಪ, ಹೂಟರ್ ಹಾಕಿಸದೆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಲೆಕ್ಕ ಹಾಕುವುದೂ ಗೇಟ್‌ವೇ ಒಳಗೇ ಆಗಬೇಕು. ಸಿಗ್ನಲ್ ಹೋದ ಹೊತ್ತಲ್ಲೇ ಹೊರೆ ಏರಬಹುದಲ್ಲ! ಇಂಟರ್ನೆಟ್ ಇರುವುದು ದಾಖಲೆಗೆ, ದೂರದಿಂದ ನೋಡುವುದಕ್ಕೆ, ಮರುದಿನ ಕೂತು ಮಾತಾಡುವುದಕ್ಕೆ.

ದೀಪ ಹತ್ತಿದಾಗ ಏನು ಬಂದ್ ಮಾಡಬೇಕು ಎಂಬುದು ಹಂಗಾಮಿನ ಮೊದಲೇ ತೀರ್ಮಾನವಾಗಿರಬೇಕು, ಮತ್ತು ಆ ಮಾತು ಫಿಟ್ಟರನ ಬಾಯಿಂದ ಬರಬೇಕು. ಒಬ್ಬ ಹಿರಿಯ ಫಿಟ್ಟರ್ ನನಗೆ ಹೇಳಿದ್ದು ಇಷ್ಟು: "ರೋಲರ್ ಮುಟ್ಟಬ್ಯಾಡ್ರಿ ಸರ. ಒಳಗ ಕಾಳ ತುಂಬಿರ್ತದ, ಮತ್ತ ಚಾಲೂ ಮಾಡಬೇಕಾದ್ರ ಜಾಮ್ ಆಗ್ತದ." ಅವರು ಹೇಳಿದ್ದು ಸರಿ. ಸಾರ್ಟಿಂಗ್ ಮಷಿನ್ ನಿಲ್ಲಿಸಿದರೆ ಹಿಂದಿನಿಂದ ಬರುವ ಬೇಳೆಗೆ ಜಾಗವಿಲ್ಲ. ನಿಲ್ಲಿಸಬಹುದಾದದ್ದು ನೀರಿನ ಟ್ಯಾಂಕಿಗೆ ಏರಿಸುವ ಪಂಪು, ಡ್ರೈಯರಿನ ಬ್ಲೋವರ್, ಹೊಟ್ಟು ಪುಡಿ ಮಾಡುವ ಮಷಿನ್. ಹತ್ತು ನಿಮಿಷ ನಿಂತರೆ ಇವುಗಳಿಂದ ಮಾಲು ಕೆಡುವುದಿಲ್ಲ.

ಮೋಟಾರ್ ಚಾಲೂ ಮಾಡುವಾಗಿನ ಜಿಗಿತದಿಂದಲೇ ಎಂಡಿ ಏರುತ್ತದೆ ಎಂದು ನಂಬಿ, ನಿಲ್ಲಿಸಿ ಮತ್ತೆ ಹಚ್ಚಲು ಹೆದರುವವರು ಬಹಳ. ಆರು ಪಟ್ಟು ಕರೆಂಟನ್ನು ಹತ್ತು ಸೆಕೆಂಡ್ ಎಳೆದರೂ, ಅದು ಆ ಮೋಟಾರ್ ಒಂದು ನಿಮಿಷ ಓಡಿದಷ್ಟೇ. ಸರಾಸರಿ 900 ಸೆಕೆಂಡಿನದು. ಈ ಲೆಕ್ಕ ಕಾಗದದ ಮೇಲೆ ಬರೆದು ತೋರಿಸಿದರೆ ಹೆದರಿಕೆ ಹೋಗುತ್ತದೆ.

ಜನರೇಟರ್ ವಿಷಯದಲ್ಲೂ ಮೀಟರ್ ಕಣ್ಣು ತೆರೆಸುತ್ತದೆ. ಒಂದು ಲೀಟರ್ ಡೀಸೆಲ್ಲಿಗೆ ಮೂರರಿಂದ ನಾಲ್ಕು ಯೂನಿಟ್ ಸಿಗುತ್ತದೆ, ಅದನ್ನು ದಿನವಿಡೀ ಓಡಿಸಿದರೆ ನಷ್ಟ. ಆದರೆ ಗಡಿ ಮೀರುವ ಆ ಒಂದು ಕಾಲು ಗಂಟೆಗೆ? ಲೆಕ್ಕಕ್ಕೆಂದು ಕೆವಿಎಗೆ ₹350 ಹಿಡಿಯೋಣ. 30 ಕೆವಿಎ ಮೀರಿದರೆ ಎರಡು ಪಟ್ಟು ದರದಲ್ಲಿ ₹21,000. ಆ 30ನ್ನು ಕಾಲು ಗಂಟೆ ಜನರೇಟರಿನಿಂದ ತೆಗೆದರೆ ಏಳೆಂಟು ಯೂನಿಟ್, ಮೂರು ಲೀಟರ್ ಒಳಗೇ ಆಗುತ್ತದೆ. ಜನರೇಟರನ್ನು ಲೈನಿನ ಜೊತೆ ಸಮಾನಾಂತರ ಓಡಿಸಲು ಹೋಗಬೇಡಿ. ಡ್ರೈಯರ್ ಭಾಗವನ್ನು ಚೇಂಜ್‌ಓವರ್ ಸ್ವಿಚ್ಚಿನಿಂದ ಅದರ ಮೇಲೆ ಹಾಕುವುದು ಸುರಕ್ಷಿತ.

ಸೋಲಾರಿನ ಇನ್ನೊಂದು ಪರಿಣಾಮ ನೇರ ಓದಿನಲ್ಲೇ ಹಗಲು ಹೊತ್ತು ಎದ್ದು ಕಾಣುತ್ತದೆ: ಪವರ್ ಫ್ಯಾಕ್ಟರ್, ಅಂದರೆ ಎಳೆದ ಒಟ್ಟು ಕೆವಿಎಯಲ್ಲಿ ಕೆಲಸಕ್ಕೆ ಬರುವ ಕಿಲೋವ್ಯಾಟಿನ ಪಾಲು. ಮಿಲ್ಲಿನ ಹೊರೆ 160 ಕಿಲೋವ್ಯಾಟ್, ರಿಯಾಕ್ಟಿವ್ (ಮೋಟಾರಿನ ಕಾಂತಕ್ಕೆ ಬೇಕಾದ, ಕೆಲಸ ಮಾಡದ ಭಾಗ) 60 ಇದ್ದರೆ ಫ್ಯಾಕ್ಟರ್ 0.93ರ ಮೇಲಿದೆ. ಸೋಲಾರ್ 100 ಕಿಲೋವ್ಯಾಟ್ ಕೊಟ್ಟಿತೆಂದರೆ ಲೈನಿನಿಂದ ಬರುವುದು 60 ಕಿಲೋವ್ಯಾಟ್, ರಿಯಾಕ್ಟಿವ್ ಮಾತ್ರ ಹಾಗೇ 60. ಫ್ಯಾಕ್ಟರ್ 0.71ಕ್ಕೆ ಬೀಳುತ್ತದೆ. ತಿಂಗಳ ಸರಾಸರಿ 0.90ಕ್ಕಿಂತ ಕೆಳಗಿಳಿದರೆ ದಂಡ. ಎಪಿಎಫ್‌ಸಿ (ಫ್ಯಾಕ್ಟರ್ ನೋಡಿ ತಾನೇ ಕೆಪಾಸಿಟರ್ ಹಾಕಿ ಸರಿಪಡಿಸುವ) ಪ್ಯಾನೆಲ್ಲಿನ ಸಿಟಿ (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್) ಸೋಲಾರ್ ಸೇರುವ ಜಾಗಕ್ಕಿಂತ ಲೈನಿನ ಕಡೆಗೆ ಇದೆಯೇ ಅಂತ ಮೊದಲು ನೋಡಬೇಕು. ಮಿಲ್ಲಿನ ಕಡೆಗಿದ್ದರೆ ಅದು ಕಾಣುವುದು ಹೊರೆಯ ಫ್ಯಾಕ್ಟರನ್ನೇ, ಎಲ್ಲ ಸರಿಯಿದೆ ಅಂದುಕೊಂಡು ಕೆಪಾಸಿಟರ್ ಹಾಕದೆ ಸುಮ್ಮನಿರುತ್ತದೆ.

ನಮ್ಮ ಬೇಸಿಗೆಯನ್ನೂ ಮರೆಯಬಾರದು. ಹೊರಗೆ 42 ಡಿಗ್ರಿ ಇದ್ದಾಗ ಸೋಲಾರ್ ಪ್ಯಾನೆಲ್ ಮೈ 65ಕ್ಕೆ ಕಾಯುತ್ತದೆ, 25ರ ಮೇಲೆ ಪ್ರತಿ ಡಿಗ್ರಿಗೆ ಸುಮಾರು 0.4 ಶೇಕಡಾ ಉತ್ಪಾದನೆ ಇಳಿಯುತ್ತದೆ. ಅದರ ಮೇಲೆ ಹೊಟ್ಟಿನ ದೂಳು. ಇನ್ವರ್ಟರಿನ ಓದನ್ನೂ ಅದೇ ಪರದೆಗೆ ತಂದರೆ, ತೊಳೆದ ದಿನಕ್ಕೂ ತೊಳೆಯದ ದಿನಕ್ಕೂ ಇರುವ ಅಂತರ ಮಾಲೀಕರಿಗೇ ಕಾಣುತ್ತದೆ.

ಈ ಸಲ ಹೊಸದಾಗಿ ಮಾಡಿಸುತ್ತಿರುವುದು ವಿದ್ಯುತ್ ಪ್ಯಾನೆಲ್ ಪಕ್ಕ ಒಂದು ವಹಿ. ಹೂಟರ್ ಕೂಗಿದ ಹೊತ್ತು, ನಿಲ್ಲಿಸಿದ ಮೋಟಾರ್, ಯಾಕೆ ಹೊರೆ ಏರಿತು ಎಂಬ ಒಂದು ಸಾಲು, ಅಷ್ಟನ್ನು ಫಿಟ್ಟರ್ ಬರೆಯಬೇಕು. ಪರದೆಯ ಗೆರೆ 'ಎಷ್ಟು' ಅಂತ ಹೇಳುತ್ತದೆ, 'ಯಾಕೆ' ಎಂಬುದು ಅವರಿಗೆ ಮಾತ್ರ ಗೊತ್ತು. ತಿಂಗಳ ಕೊನೆಗೆ ದಂಡ ತಪ್ಪಿ ಉಳಿತಾಯವಾದ ಹಣದಲ್ಲಿ ಅವರಿಗೂ ಒಂದು ಪಾಲು ಕೊಡಿ ಎಂದು ನಾನು ಕೇಳುತ್ತೇನೆ. ಕೆಲವರು ಒಪ್ಪಿದ್ದಾರೆ.